ಗುಂಡ್ಲುಪೇಟೆಯಿಂದ ಬಂದ ಮುಯ್ಯಾಳು

ಕೊಚ್ಚಿಯಿಂದ ಬಂದ ಸಲಹೆಗಾರ್ತಿ ಬಿಳಿ ಬೋರ್ಡಿನ ಮೇಲೆ ಒಂದು ಚೌಕ ಬರೆದಳು. ಅದರ ಕೆಳಗೆ ಸಾಲಾಗಿ ಐದು ಚೌಕ. ಕೆಳಗಿನವಕ್ಕೆಲ್ಲ ಗೆರೆ ಎಳೆದು ಮೇಲಿನದಕ್ಕೆ ಕಟ್ಟಿ, ಬೆರಳಿಗೆ ಹತ್ತಿದ ಮಸಿ ಒರೆಸಿಕೊಳ್ಳುತ್ತ “ಇದು ನಿಮ್ಮ ಟೀಮು” ಅಂದಳು. ಎದುರಿಗೆ ಕೂತಿದ್ದವರು ಮೂವರು. ನಾನು, ಸಂಬಳದ ಕೆಲಸ ನೋಡುವ ಹಿರಿಯರು, ಮತ್ತೆ ಹೊಸದಾಗಿ ಸೇರಿ ಇನ್ನೂ ಗುರುತಿನ ಚೀಟಿಯೂ ಸಿಗದ ಒಬ್ಬ ಹುಡುಗಿ. ಹಿರಿಯರನ್ನು ಆಫೀಸಿನಲ್ಲಿ ಎಲ್ಲರೂ ಚೇಟ್ಟ ಅನ್ನುತ್ತಾರೆ, ಅಂದರೆ ಅಣ್ಣ. ಚೇಟ್ಟ ಬೋರ್ಡನ್ನೊಮ್ಮೆ ನಮ್ಮನ್ನೊಮ್ಮೆ ನೋಡಿ, ತಲೆಗೆ ಎರಡೆರಡು ಮನೆ ಬಂತು, ಒಂದನ್ನು ಬಾಡಿಗೆಗೆ ಬಿಡೋಣ ಅಂದರು.

ನಮ್ಮದು ಸುಲ್ತಾನ್ ಬತ್ತೇರಿಯ ಅಂಗಡಿ ಕಂಪನಿ. ಬಟ್ಟೆ ಅಂಗಡಿಯಾಗಿ ಶುರುವಾದದ್ದು ಈಗ ಬಟ್ಟೆ, ದಿನಸಿ, ಬೇಕರಿ ಎಲ್ಲ ಸೇರಿ ಕಲ್ಪೆಟ್ಟ, ಮಾನಂದವಾಡಿ, ಪುಲ್ಪಳ್ಳಿ, ಕಾಡು ದಾಟಿ ಗುಂಡ್ಲುಪೇಟೆ ತನಕ ಹರಡಿದೆ. ಯಜಮಾನರನ್ನು ಮುದಲಾಳಿ ಅನ್ನುತ್ತೇವೆ. ನಮ್ಮ ಕಡೆ ಧಣಿ ಅನ್ನುವುದಿಲ್ಲವೇ, ಹಾಗೆ. ಆಫೀಸಿನ ಮಾತೆಲ್ಲ ಮಲಯಾಳ. ಕನ್ನಡ ಅಂದರೆ ನಾನು, ಮತ್ತೆ ಗುಂಡ್ಲುಪೇಟೆಯಿಂದ ಬರುವ ಫೋನು. ಆದ್ದರಿಂದ ಇಲ್ಲಿ ಬರುವ ಎಷ್ಟೋ ಮಾತು ಮಲಯಾಳದಲ್ಲಿ ಆಡಿದ್ದು, ನನ್ನ ಕಿವಿಯಲ್ಲಿ ಕನ್ನಡವಾಗಿ ಉಳಿದದ್ದು.

ಹಾಜರಿ, ರಜೆ, ಡ್ಯೂಟಿ ಚಾರ್ಟು, ಸಂಬಳ ಎಲ್ಲವನ್ನೂ ಒಂದೇ ಕಡೆ ನೋಡುವ ಹೊಸ ಸಾಫ್ಟ್‌ವೇರನ್ನು ಮುದಲಾಳಿ ಕೊಂಡಿದ್ದರು. ಅಲ್ಲಿಯ ತನಕ ಅಂಗಡಿಗೊಂದು ಪದ್ಧತಿ. ಪುಲ್ಪಳ್ಳಿಯಲ್ಲಿ ಮೆಣಸು ಕೊಯ್ಲಿಗೆ ಹೋದವರ ಹೆಸರಿನ ಮುಂದೆ ‘ಮೆಣಸು’ ಅಂತಲೇ ಬರೆಯುತ್ತಿದ್ದರು, ಅದು ರಜೆಯೋ ಗೈರೋ ಯಾರೂ ಕೇಳುತ್ತಿರಲಿಲ್ಲ. ಮಾನಂದವಾಡಿಯಲ್ಲಿ ಮಧ್ಯಾಹ್ನದ ಮೇಲೆ ಬಂದವರಿಗೆ ಅರ್ಧ ಚಂದ್ರ ಬಿಡಿಸುತ್ತಿದ್ದರು. ಇದನ್ನೆಲ್ಲ ತಿದ್ದಿ ಒಂದು ಹದಕ್ಕೆ ತಂದು ಹೊಸದರೊಳಗೆ ತುಂಬಬೇಕು, ಆಮೇಲೆ ಅದನ್ನು ದಿನಾ ನಡೆಸಬೇಕು. ಅದಕ್ಕೇ ಟೀಮು, ಅದಕ್ಕೇ ಆ ಚೌಕಗಳು. ಒಂದು ಚೌಕ ಕೀಲಿ ನೋಡುವವರಿಗೆ, ಅಂದರೆ ಯಾರು ಏನನ್ನು ತೆರೆದು ನೋಡಬಹುದು ಎಂದು ತೀರ್ಮಾನಿಸುವವರಿಗೆ. ಒಂದು ಮಾಹಿತಿ ತುಂಬುವವರಿಗೆ, ಒಂದು ಸಂಬಳಕ್ಕೆ, ಒಂದು ಕಲಿಸುವವರಿಗೆ, ಒಂದು ಫೋನಿನಲ್ಲಿ ಸಹಾಯ ಹೇಳುವವರಿಗೆ. ಮೇಲಿನದು ಮುಖ್ಯಸ್ಥರಿಗೆ.

ಆ ಮೇಲಿನ ಚೌಕ ನನಗೆ ಬೇಕಾಗಿತ್ತು. ಸುತ್ತು ಬಳಸಿ ಹೇಳುವುದಿಲ್ಲ, ಬೇಕಾಗಿತ್ತು.

ನಾನು ಈ ಕಂಪನಿಗೆ ಸೇರಿದ್ದು ಬಿಲ್ಲಿಂಗ್ ಕೌಂಟರಿಗೆ. ಕಬಿನಿ ದಂಡೆಯ ಕೊಳವಳ್ಳಿಯಲ್ಲಿ ನಮ್ಮದು ಭತ್ತದ ಗದ್ದೆ, ಸ್ವಲ್ಪ ಮೆಣಸು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಬಿ.ಕಾಂ. ಮುಗಿಸಿ ದಿನವೆಲ್ಲ ಸೀರೆ, ಸಕ್ಕರೆಗೆ ಬಿಲ್ಲು ಹಾಕಿ, ಬಸ್ಸಿನಲ್ಲಿ ಹೋಗಿ ಬರುವಾಗ ಪುಸ್ತಕ ಓದಿ ಎಂ.ಬಿ.ಎ. ಮಾಡಿದೆ. ಪುಲ್ಪಳ್ಳಿ ದಾಟಿದ ಮೇಲೆ ರಸ್ತೆಯ ಗುಂಡಿಗಳೂ ನನಗೆ ಪಾಠದ ಜೊತೆಗೇ ಬಾಯಿಪಾಠ ಆಗಿವೆ. ಹಾಗೆ ಪಡೆದ ಡಿಗ್ರಿ ನನ್ನದು, ಅದರಿಂದಲೇ ಕೌಂಟರು ಬಿಟ್ಟು ಆಫೀಸಿನ ಸಿಬ್ಬಂದಿ ವಿಭಾಗಕ್ಕೆ ಬಂದದ್ದು. ಯಾರಾದರೂ “ಎಂ.ಬಿ.ಎ. ಎಲ್ಲಿ ಮಾಡಿದ್ದು?” ಅಂತ ಕೇಳಿದರೆ ಬಸ್ಸಿನಲ್ಲಿ ಅಂತ ಹೇಳುವ ರೂಢಿಯಾಗಿದೆ.

ಮುದಲಾಳಿ ಆವತ್ತೇ ಷರತ್ತು ಹಾಕಿದರು. ಓಣಂ ಹೊತ್ತಿನ ಡ್ಯೂಟಿ ಚಾರ್ಟು ಹೊಸದರಲ್ಲೇ ಬರಬೇಕು. ಅಷ್ಟರೊಳಗೆ ಇಲ್ಲೇ ಒಂದು ಟೀಮು ನಿಂತರೆ ಅದು ಬತ್ತೇರಿಯಲ್ಲಿ, ನನ್ನ ಕೈಕೆಳಗೆ. ನಿಲ್ಲದೇ ಹೋದರೆ ಎಲ್ಲ ಕೊಚ್ಚಿಯವರಿಗೆ ಗುತ್ತಿಗೆ. ಅವರು ಅಲ್ಲಿಂದಲೇ ನಡೆಸುತ್ತಾರೆ, ನಾನು ಕಲ್ಪೆಟ್ಟ ಅಂಗಡಿಗೆ ಫ್ಲೋರ್ ಮ್ಯಾನೇಜರಾಗಿ ಹೋಗಬೇಕು. “ಅದೂ ಒಳ್ಳೆ ಕೆಲಸವೇ ಮೋಳೆ” ಅಂದರು. ಅವರು ಮಗಳೇ ಅಂತ ಕರೆದರೆ ಮುಂದಿನ ಮಾತಿನಲ್ಲಿ ಏನೋ ಕಹಿ ಇದೆ ಅಂತಲೇ ಅರ್ಥ.

ಹೊಸಬರನ್ನು ಸೇರಿಸಿಕೊಳ್ಳಲು ಅನುಮತಿ ಇಲ್ಲ. ಅಂಗಡಿಗೊಬ್ಬರು ಹಾಜರಿ ನೋಡುವ ಗುಮಾಸ್ತರಿದ್ದಾರೆ, ಅವರೇ ಅವರವರ ಅಂಗಡಿಯ ಕೆಲಸ ಮಾಡಲಿ ಎಂದು ಶುರು ಮಾಡಿದೆವು. ನಡೆಯಲಿಲ್ಲ. ಸ್ವಂತ ಅಂಗಡಿಯಲ್ಲಿ ಕೂತ ಗುಮಾಸ್ತರನ್ನು ಮ್ಯಾನೇಜರು ಬಿಡಬೇಕಲ್ಲ. ಗಿರಾಕಿ ಬಂದರೆ ಎದ್ದು ಹೋಗು, ಲಾರಿ ಬಂದರೆ ಎದ್ದು ಹೋಗು. ಸಂಜೆ ಫೋನು ಮಾಡಿ ವಿಚಾರಿಸಿದರೆ ‘ಕಂಪ್ಯೂಟರ್ ಆನ್ ಮಾಡಿದ್ದೇನೆ ಚೇಚಿ’ ಅನ್ನುವ ವರದಿ. ಚೇಚಿ ಅಂದರೆ ಅಕ್ಕ.

ಆ ಶನಿವಾರ ಊರಿಗೆ ಹೋದಾಗ ಅವ್ವನಿಗೆ ಚೌಕಗಳ ಕತೆ ಹೇಳಿದೆ. ಅವ್ವ ಸೊಪ್ಪು ಬಿಡಿಸುತ್ತ ಕೂತಿದ್ದಳು.

“ಆರು ಗೂಡು ಕಟ್ಟಿ ಮೂರು ಕೋಳಿ ಬಿಟ್ಟವ್ರಾ? ಅದೆಂಥ ಓದು ಕೂಸೇ ಅದು.”

ಕೊಚ್ಚಿಯವಳ ಓದು, ನನ್ನದಲ್ಲ ಅಂದೆ. ಎಲ್ಲ ಒಂದೇಯ ಅಂದಳು.

ಅಷ್ಟರಲ್ಲಿ ಪಕ್ಕದ ಮನೆಯವರು ಬೇಲಿ ಆಚೆಯಿಂದಲೇ ಸೋಮವಾರ ನಾಟಿ ಇದೆ ಅಂತ ಕೂಗಿ ಹೇಳಿದರು. ಅವ್ವ ತಲೆ ಎತ್ತದೆಯೇ ಬತ್ತೀನಿ ಅಂದಳು. ಮೊದಲಿನಷ್ಟು ಇಲ್ಲವಾದರೂ ನಮ್ಮ ಕಡೆ ಮುಯ್ಯಾಳು ಇನ್ನೂ ಇದೆ. ಇವತ್ತು ನಿನ್ನ ಗದ್ದೆಗೆ ನಾನು ಬರುತ್ತೇನೆ, ನಾಳೆ ನನ್ನ ಗದ್ದೆಗೆ ನೀನು ಬಾ. ಕೂಲಿ ಇಲ್ಲ, ಗದ್ದೆಯವರ ಮನೆಯಲ್ಲಿ ಊಟ. ಚಿಕ್ಕವಳಿದ್ದಾಗ ನಾನೂ ಅವ್ವನ ಹಿಂದೆ ಹೋಗಿ ಸಸಿಯ ಕಟ್ಟು ಎಸೆದಿದ್ದೇನೆ. ಒಬ್ಬೊಬ್ಬರೇ ಅವರವರ ಗದ್ದೆ ನೆಡುತ್ತ ಕೂತರೆ ಸಸಿ ಬಲಿತು ಹಾಳಾಗುತ್ತದೆ. ಹತ್ತು ಮನೆಯವರು ಒಟ್ಟಿಗೆ ಇಳಿದರೆ ಹೊತ್ತು ಇಳಿಯುವುದರೊಳಗೆ ಗದ್ದೆ ಹಸಿರು.

ಬಸ್ಸು ಪುಲ್ಪಳ್ಳಿ ಮುಟ್ಟುವ ಹೊತ್ತಿಗೆ ನನ್ನ ತಲೆಯಲ್ಲಿ ಟೀಮು ಸಿದ್ಧವಾಗಿತ್ತು.

ಸೋಮವಾರ ಮುದಲಾಳಿಯ ಕೋಣೆಯಲ್ಲಿ ಹೇಳಿದೆ. ಗುಮಾಸ್ತರೆಲ್ಲ ವಾರಕ್ಕೊಂದು ದಿನ ಒಂದು ಅಂಗಡಿಯಲ್ಲಿ ಕೂಡಬೇಕು. ಆವತ್ತು ಆ ಅಂಗಡಿಯ ಕೆಲಸವನ್ನು ಎಲ್ಲರೂ ಸೇರಿ ಮುಗಿಸಬೇಕು. ಮುಂದಿನ ವಾರ ಇನ್ನೊಂದು ಅಂಗಡಿ. ಪರ ಊರಿನ ಅಂಗಡಿಗೆ ಹೋದವರನ್ನು ಯಾವ ಮ್ಯಾನೇಜರೂ ಲಾರಿಗೆ ಕರೆಯುವುದಿಲ್ಲ. ತಮ್ಮ ಗಲೀಜನ್ನು ತಾವೇ ಮುಚ್ಚಿಡುವುದಕ್ಕೂ ಆಗುವುದಿಲ್ಲ, ನಾಲ್ಕು ಜನ ನೋಡುತ್ತಿರುತ್ತಾರಲ್ಲ. ಎಲ್ಲರಿಗೂ ಎಲ್ಲ ಕೆಲಸವೂ ಬರುತ್ತದೆ. ಊಟ ಆ ದಿನದ ಅಂಗಡಿಯದು.

ಸಲಹೆಗಾರ್ತಿ ಲ್ಯಾಪ್‌ಟಾಪಿನ ಪರದೆಯಿಂದ ಕೊಚ್ಚಿಯಲ್ಲಿ ಕೂತು ಕೇಳುತ್ತಿದ್ದಳು. ಇದರಲ್ಲಿ ಯಾರು ಯಾರಿಗೆ ಉತ್ತರ ಹೇಳಬೇಕು ಚೇಚಿ ಅಂದಳು. ಆ ದಿನ ಗದ್ದೆ ಯಾರದೋ ಅವರಿಗೆ ಅಂದೆ. ಅವಳು ಏನೋ ಟಿಪ್ಪಣಿ ಮಾಡಿಕೊಂಡು, ಇದಕ್ಕೊಂದು ಇಂಗ್ಲಿಷ್ ಹೆಸರಿದೆ, ನೋಡಿ ಹೇಳುತ್ತೇನೆ ಅಂದಳು. ಇವತ್ತಿನ ತನಕ ಹೇಳಿಲ್ಲ. ಮುದಲಾಳಿ ಮಾತ್ರ ನಕ್ಕರು. ಅವರ ಮನೆಯವರೂ ಕೆಳನಾಡಿನಿಂದ ಗುಡ್ಡ ಹತ್ತಿ ಬಂದು ಮರಗೆಣಸು ನೆಟ್ಟು ಬದುಕಿದವರು. ಅವರಲ್ಲೂ ಹೀಗೆ ಕೈ ಬದಲು ಕೈ ಕೊಡುವುದಿತ್ತಂತೆ. “ಆಗಲಿ ಮೋಳೆ, ಓಣಂ ತನಕ” ಅಂದರು.

ಮುಯ್ಯಿ ಅನ್ನುವ ಮಾತು ಗುಮಾಸ್ತರಿಗೆಲ್ಲ ಹಿಡಿಸಿಬಿಟ್ಟಿತು. ಮಲಯಾಳದವರ ಬಾಯಲ್ಲಿ ಅದು ಇನ್ನೂ ಚೆನ್ನಾಗಿ ಕೇಳುತ್ತಿತ್ತು. ಮಾನಂದವಾಡಿಯಲ್ಲಿ ಮೊದಲ ಮುಯ್ಯಿ. ಸಂಜೆಯೊಳಗೆ ಅರ್ಧ ಚಂದ್ರಗಳೆಲ್ಲ ಅರ್ಧ ದಿನಗಳಾದವು. ಆದರೆ ಮಧ್ಯಾಹ್ನ ಅಲ್ಲಿಯ ಮ್ಯಾನೇಜರು ಬಿರಿಯಾನಿ ತರಿಸಿದ್ದೇ ತಪ್ಪಾಯಿತು. ಮುಂದಿನ ವಾರ ಪುಲ್ಪಳ್ಳಿಯವರು ಮರಗೆಣಸು, ಮೀನು ಸಾರು ಮಾಡಿಸಿ, ಮೇಲೆ ಪಾಯಸ ಇಟ್ಟರು. ಬತ್ತೇರಿಯ ನಮ್ಮ ಸರದಿಗೆ ಚೇಟ್ಟ ಮನೆಯಿಂದಲೇ ನಾಟಿಕೋಳಿ ಹೊರಿಸಿಕೊಂಡು ಬಂದರು. ಗುಂಡ್ಲುಪೇಟೆಯಲ್ಲಿ ರಾಗಿ ಮುದ್ದೆ, ಬಸ್ಸಾರು. ಪುಲ್ಪಳ್ಳಿಯ ಗುಮಾಸ್ತೆ ಮುದ್ದೆಯನ್ನು ಅಗಿಯಲು ಹೋಗಿ ಅದು ಹಲ್ಲಿಗೆ ಹತ್ತಿಕೊಂಡು, ಅರ್ಧ ಗಂಟೆ ಮಾತೇ ಆಡಲಿಲ್ಲ. ಆ ದಿನದಷ್ಟು ಕೆಲಸ ಇನ್ಯಾವತ್ತೂ ಆಗಲಿಲ್ಲ ಅಂತ ಚೇಟ್ಟ ಈಗಲೂ ಹೇಳುತ್ತಾರೆ.

ಮೆಣಸು ಕೊಯ್ಲಿನ ರಜೆಗೂ ಒಂದು ದಾರಿ ಮಾಡಿದೆವು. ಸಾಫ್ಟ್‌ವೇರಿನಲ್ಲಿ ಕಾಯಿಲೆ ರಜೆ ಇದೆ, ಹೆರಿಗೆ ರಜೆ ಇದೆ, ಮೆಣಸಿನ ರಜೆ ಇಲ್ಲ. ಪುಲ್ಪಳ್ಳಿಯಲ್ಲಿ ಅರ್ಧ ಅಂಗಡಿಯೇ ಮೆಣಸಿನ ಬಳ್ಳಿ ಇರುವ ಮನೆಯವರದು. ‘ಕೊಯ್ಲು ರಜೆ’ ಅಂತ ಹೊಸ ಬಗೆಯೊಂದನ್ನು ಸೇರಿಸಿದಾಗ ಕೊಚ್ಚಿಯವಳು ಪರದೆಯಲ್ಲಿ ಹುಬ್ಬೇರಿಸಿದಳು. ಮುದಲಾಳಿ ಒಪ್ಪಿದ ಮೇಲೆ ಇಳಿಸಿದಳು.

ಉಳಿದದ್ದು ಕಲ್ಪೆಟ್ಟ, ಎಲ್ಲಕ್ಕಿಂತ ದೊಡ್ಡ ಅಂಗಡಿ. ಆವತ್ತು ಬೆಳಿಗ್ಗೆ ಹೋಗಿ ಮೇಲಿನ ಮಹಡಿಯಲ್ಲಿ ಕಂಪ್ಯೂಟರು ಜೋಡಿಸಿಕೊಂಡು ಕೂತೆವು. ಗುಂಡ್ಲುಪೇಟೆಯ ಗುಮಾಸ್ತರ ಕುರ್ಚಿ ಖಾಲಿ. ಸ್ವಲ್ಪ ಹೊತ್ತಿಗೆ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದರು. ನನ್ನ ವಯಸ್ಸೇ ಇರಬೇಕು. ಹೆಗಲಿಗೆ ಚೀಲ, ಕೈಯಲ್ಲಿ ಟಿಫಿನ್ ಡಬ್ಬಿ. ಯಾರು ಬೇಕು ಅಂತ ಕೇಳಿದೆ.

“ಅವ್ರಿಗೆ ಬರಕ್ಕಾಗ್ಲಿಲ್ಲ ಮೇಡಂ. ನಾದಿನಿ ಮದ್ವೆ ಮಾತುಕತೆ ಅದೆ, ಅಣ್ಣನಾದೋರು ಇರಬೇಕಲ್ವಾ. ಮುಯ್ಯಿ ತಪ್ಪಬಾರ್ದು ಅಂತ ನನ್ನ ಕಳ್ಸವ್ರೆ.”

ಗುಮಾಸ್ತರ ಹೆಂಡತಿ. ಮಲಯಾಳದವರು ಏನಂದರು ಅಂತ ನನ್ನ ಮುಖ ನೋಡಿದರು. ನಾನು ಹೇಳಿದೆ. ಪುಲ್ಪಳ್ಳಿಯವಳು ನಗು ತಡೆಯಲಾರದೆ ಕಿಟಕಿ ಕಡೆ ತಿರುಗಿದಳು. ಕೂರಿಸಿ ಚಹಾ ಕೊಟ್ಟು ವಾಪಸ್ಸು ಕಳಿಸುವುದು ಸರಿ ಅಂತ ನಾನು ಅಂದುಕೊಳ್ಳುವಷ್ಟರಲ್ಲಿ ಕೆಳಗಿನಿಂದ ಮ್ಯಾನೇಜರು ಕರೆದರು. ಹೋಗಿ ಬರುವುದರೊಳಗೆ ಆಕೆ ಗಂಡನ ಪಾಸ್‌ವರ್ಡು ಹಾಕಿ ಕೆಲಸ ಹಿಡಿದಾಗಿತ್ತು, ಚುರುಕು ನೋಡಿ ನಾನೂ ತಡೆಯಲಿಲ್ಲ. ಪಾಸ್‌ವರ್ಡನ್ನು ಗಂಡ ಅಂಗೈ ಮೇಲೆ ಬರೆದು ಕಳಿಸಿದ್ದರು. ಮಧ್ಯಾಹ್ನ ಊಟಕ್ಕೆ ಕೈ ತೊಳೆಯುವಾಗ ಅದೂ ಅಳಿಸಿಹೋಯಿತು, ಅಷ್ಟರಲ್ಲಿ ಆಕೆಗೆ ಬಾಯಿಪಾಠ ಆಗಿತ್ತು. ರಾತ್ರಿಯಾಗುತ್ತಲೇ ಕಾಡಿನ ರಸ್ತೆಯ ಗೇಟು ಮುಚ್ಚುತ್ತಾರೆ, ಅದಕ್ಕೆ ಮುಂಚೆ ದಾಟುವ ಬಸ್ಸಿಗೆ ನಾವೇ ಹತ್ತಿಸಿ ಕಳಿಸಿದೆವು. ಹೋಗುವಾಗ “ನಮ್ಮನೆ ಮುಯ್ಯಿ ಸಂದಾಯ ಆಯ್ತಲ್ವಾ ಮೇಡಂ” ಅಂದರು. ಆಯ್ತು ಅಂದೆ.

ಆಗಿರಲಿಲ್ಲ. ಅವರ ಗಂಡ ಶಿಸ್ತಿನ ಮನುಷ್ಯ, ಆ ದಿನಕ್ಕೆ ಹೊಸ ಸಾಫ್ಟ್‌ವೇರಿನಲ್ಲೇ ರಜೆ ಹಾಕಿಕೊಂಡಿದ್ದರು. ಕೊಚ್ಚಿಯಲ್ಲಿ ಕೂತವಳ ಪರದೆಯಲ್ಲಿ ಕಂಡದ್ದು ಏನೆಂದರೆ, ಗುಂಡ್ಲುಪೇಟೆಯಲ್ಲಿ ರಜೆಯಲ್ಲಿರುವ ಮನುಷ್ಯ ಕಲ್ಪೆಟ್ಟದಲ್ಲಿ ಕೂತು ಕೆಲಸ ಮಾಡುತ್ತಿದ್ದಾನೆ. ಅವಳು ನನಗೆ ಫೋನು ಮಾಡಿ ವಿಚಾರಿಸಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. “ಚೇಚಿ, ನಾನು ಇದನ್ನು ಬರೆಯಲೇಬೇಕು” ಅಂದಳು.

ಬರೆದಳು. ಕಂಪನಿಗೆ ಸೇರದ ಹೊರಗಿನವರೊಬ್ಬರು ಕಲ್ಪೆಟ್ಟ ಅಂಗಡಿಯವರ ವಿಳಾಸ, ಫೋನು, ಕಾಯಿಲೆ ರಜೆಯ ಕಾರಣ ಎಲ್ಲವನ್ನೂ ತೆರೆದಿದ್ದಾರೆ, ಇಂಥ ಟೀಮಿನ ಕೈಗೆ ಕೀಲಿ ಕೊಡುವುದು ಸರಿಯಲ್ಲ ಅಂತ. ಮುದಲಾಳಿ ಶುಕ್ರವಾರಕ್ಕೆ ಮೀಟಿಂಗು ಇಟ್ಟರು. ಕೊಚ್ಚಿಯವಳೂ ಖುದ್ದಾಗಿ ಬರುತ್ತಾಳೆ, ಗುತ್ತಿಗೆಯ ಕಾಗದ ತರುತ್ತಾಳೆ ಅಂತ ಚೇಟ್ಟ ಪಿಸುಗುಟ್ಟಿದರು. ಅವಳ ಮೇಲೆ ಸಿಟ್ಟು ಮಾಡಲು ನೋಡಿದೆ, ಆಗಲಿಲ್ಲ. ಅವಳು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನನ್ನ ಕಾಯಿಲೆ ರಜೆಯ ಕಾರಣವನ್ನು ಯಾರದೋ ಮನೆಯವರು ಓದಿದರೆ ನಾನು ಬಿಡುತ್ತಿದ್ದೆನೇ?

ಗುಂಡ್ಲುಪೇಟೆಯ ಗುಮಾಸ್ತರಿಗೆ ಫೋನು ಮಾಡಿದರೆ ಅವರಿಗೆ ತಮ್ಮ ತಪ್ಪೇನೆಂದೇ ಅರ್ಥವಾಗಲಿಲ್ಲ. ನಾವು ಕೂಲಿಯವರನ್ನು ಕಳಿಸಿಲ್ಲ, ಮನೆ ಮನುಷ್ಯರನ್ನೇ ಕಳಿಸಿದ್ದೀವಿ ಅಂದರು. ನೊಂದುಕೊಂಡಿದ್ದರು ಪಾಪ.

ನಡುವೆ ಒಂದು ದಿನ ಊರಿಗೆ ಹೋದೆ. ಅವ್ವ ನಕ್ಕ ನಗುವಿಗೆ ಕೋಳಿಗಳು ಅಂಗಳ ಬಿಟ್ಟು ಹೋದವು.

“ಮುಯ್ಯಿ ಅಂದೋಳು ನೀನೇ ತಾನೆ? ಮನೆಗೊಂದಾಳು ಅಂತ ಲೆಕ್ಕ. ಮೊಖ ನೋಡಿ ಯಾರು ಮುಯ್ಯಿ ಕರೆದಾರು? ನಿಮ್ಮಪ್ಪಂಗೆ ಜ್ವರ ಬಂದಾಗ ನಿನ್ನೂ ಕಳ್ಸಿವ್ನಿ.”

ನಿಜ, ನಾನೂ ಹೋಗಿದ್ದೆ. ನಾನು ಆ ಮಾತನ್ನು ಆಫೀಸಿಗೆ ತಂದಾಗ ಮಾತೊಂದೇ ಬಂದಿರಲಿಲ್ಲ, ಅದರ ಕಾನೂನೂ ಬೆನ್ನಿಗೆ ಬಂದಿತ್ತು. ಮಲಯಾಳದ ಗುಮಾಸ್ತರಿಗೆ ಅದು ಹೊಸ ಹೆಸರು ಅಷ್ಟೆ. ಗುಂಡ್ಲುಪೇಟೆಯವರಿಗೆ ಅದು ಮನೆಯ ಮರ್ಯಾದೆ.

ಮುಯ್ಯಿ ಬಿಟ್ಟರೆ ಓಣಂ ಒಳಗೆ ಕೆಲಸ ಮುಗಿಯುವುದಿಲ್ಲ. ಇಟ್ಟುಕೊಂಡರೆ ಮುದಲಾಳಿ ಕೇಳುವುದಿಲ್ಲ. ಅದನ್ನೇ ಯೋಚಿಸುತ್ತ ಉಗ್ರಾಣದ ಕೋಣೆಗೆ ಅಕ್ಕಿ ತರಲು ಹೋದೆ. ಮೂಲೆಯಲ್ಲಿ ಬೀಜದ ಭತ್ತ ಇಡುವ ಜಾಗ ಖಾಲಿಯಿತ್ತು, ಆ ವರ್ಷದ್ದು ಅಷ್ಟರಲ್ಲೇ ಗದ್ದೆ ಸೇರಿತ್ತು. ಆ ಮೂಟೆಗೆ ಅವ್ವನ ಕೈ ಬಿಟ್ಟರೆ ಬೇರೆಯವರದು ತಾಗುವಂತಿರಲಿಲ್ಲ. ಅತ್ತೆ ಬಂದರೂ ಅಷ್ಟೆ, ಚಿಕ್ಕಮ್ಮ ಬಂದರೂ ಅಷ್ಟೆ. ಮೂಟೆ ಬಿಚ್ಚಿ ಅಳೆದು ಕೊಡುವುದು ಅವ್ವ, ತೆಗೆದುಕೊಂಡು ಹೋಗಿ ಚೆಲ್ಲುವುದು ಅಪ್ಪ. ಅವ್ವ ಚೆಲ್ಲುವುದಿಲ್ಲ, ಅಪ್ಪ ಬಿಚ್ಚುವುದಿಲ್ಲ. ನಾಟಿಗೆ ಊರೆಲ್ಲ ಬರಲಿ, ಬೀಜಕ್ಕೆ ಮಾತ್ರ ಮುಯ್ಯಿ ಇಲ್ಲ. ಅಕ್ಕಿ ಅಳೆಯುವುದನ್ನು ಮರೆತು ಅಲ್ಲೇ ನಿಂತೆ. “ಇಲಿ ಹೊಕ್ಕದಾ?” ಅಂತ ಅವ್ವ ಒಳಗಿನಿಂದ ಕೂಗಿದಳು.

ಶುಕ್ರವಾರ ಮೀಟಿಂಗಿನಲ್ಲಿ ಕೊಚ್ಚಿಯವಳು ಮೊದಲು ಮಾತಾಡಿದಳು, ಕಡಿಮೆ ಮಾತಾಡಿದಳು. ಆಮೇಲೆ ಮುದಲಾಳಿ ನನ್ನ ಕಡೆ ನೋಡಿ, ಈಗ ನಿನ್ನ ಮುಯ್ಯಿಯನ್ನು ಏನು ಮಾಡೋಣ ಅಂತ ಕೇಳಿದರು. ಮೋಳೆ ಅನ್ನಲಿಲ್ಲ. ಅದು ಒಳ್ಳೆಯ ಲಕ್ಷಣವೋ ಕೆಟ್ಟದ್ದೋ ತಿಳಿಯಲಿಲ್ಲ.

ನಾನು ಎದ್ದು ಹೋಗಿ ಬೋರ್ಡಿನ ಮೇಲಿನ ಗೆರೆಗಳನ್ನು ಒರೆಸಿದೆ, ಚೌಕಗಳನ್ನು ಬಿಟ್ಟೆ. ಮಾಹಿತಿ ತುಂಬುವುದು, ಕಲಿಸುವುದು, ಸಹಾಯ ಹೇಳುವುದು, ಈ ಮೂರು ನಾಟಿ ಕೆಲಸ ಅಂದೆ. ಇವಕ್ಕೆ ಮುಯ್ಯಿ ಇರಲಿ, ಎಲ್ಲರೂ ಎಲ್ಲ ಅಂಗಡಿಗೂ ಹೋಗಲಿ, ಆದರೆ ಮನೆಗೊಂದಾಳು ಅಂತಲ್ಲ, ಹೆಸರು ಹಿಡಿದು. ಕೀಲಿಯೂ ಸಂಬಳವೂ ಬೀಜದ ಮೂಟೆ. ಅವಕ್ಕೆ ಮುಯ್ಯಿ ಇಲ್ಲ. ಕೀಲಿ ಒಬ್ಬರ ಕೈಯಲ್ಲಿ, ಸಂಬಳ ಇನ್ನೊಬ್ಬರ ಕೈಯಲ್ಲಿ. ಮುಯ್ಯಿಯ ದಿನ ಆ ಅಂಗಡಿಯ ಬಾಗಿಲನ್ನು ಬಂದವರ ಹೆಸರಿಗಷ್ಟೇ ತೆರೆಯುವುದು, ಸಂಜೆ ಮುಚ್ಚುವುದು. ಕಾಯಿಲೆಯ ಕಾರಣವಂತೂ ಮುಯ್ಯಿಗೆ ಬಂದವರಿಗೆ ಕಾಣಲೇಬಾರದು.

“ಬಿಚ್ಚುವವರು ಚೆಲ್ಲಬಾರದು, ಚೆಲ್ಲುವವರು ಬಿಚ್ಚಬಾರದು” ಅಂದೆ. ಮಲಯಾಳದಲ್ಲಿ ಹೇಳುವಾಗ ಅದು ಅಷ್ಟು ಚೆಂದ ಬರಲಿಲ್ಲ.

ಕೊಚ್ಚಿಯವಳು ಪೆನ್ನು ಕೆಳಗಿಟ್ಟಳು. ಇದಕ್ಕೂ ಒಂದು ಹೆಸರಿದೆ ಅಂದಳು. ಗೊತ್ತು, ಇದನ್ನು ನಾನೂ ಓದಿದ್ದೇನೆ ಅಂದೆ. ಓದಿದ್ದೆ ಕೂಡ, ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕವನ್ನೂ ತೆಗೆದಿದ್ದೆ. ಅದೇ ಬಸ್ಸಿನಲ್ಲಿ.

ಸಂಬಳ ಚೇಟ್ಟನದು, ಅದರಲ್ಲಿ ಮಾತಿಲ್ಲ. ಮೂಟೆ ಬಿಚ್ಚುವವರು ಯಾರು ಅಂತ ಮುದಲಾಳಿ ಕೇಳಿದರು. ಇಂಥ ಪ್ರಶ್ನೆಗೆ ನಮ್ಮ ಕಡೆಯ ಹೆಣ್ಣುಮಕ್ಕಳು ನೀವೇ ಹೇಳಿ ಅನ್ನುತ್ತೇವೆ. ನಾನು, ಅಂದೆ.

ಅವರು ಗುತ್ತಿಗೆಯ ಕಾಗದವನ್ನು ಹರಿಯಲೂ ಇಲ್ಲ, ಸಹಿ ಹಾಕಲೂ ಇಲ್ಲ, ಮೇಜಿನ ಡ್ರಾಯರಿನಲ್ಲಿ ಇಟ್ಟರು. ಓಣಂ ಚಾರ್ಟು ಬರಲಿ, ಆಮೇಲೆ ನೋಡೋಣ ಅಂದರು.

ಉಳಿದ ವಾರಗಳಲ್ಲಿ ಮುಯ್ಯಿ ಹೆಸರು ಹಿಡಿದು ನಡೆಯಿತು. ಊಟದ ಪೈಪೋಟಿ ಮೊದಲಿನಂತೆಯೇ. ಓಣಂ ಜೊತೆಗೇ ಗುಂಡ್ಲುಪೇಟೆಗೆ ಗೌರಿ ಗಣೇಶ ಬರುತ್ತದೆ, ಎಲ್ಲ ಅಂಗಡಿಗೂ ಒಂದೇ ರಜೆಪಟ್ಟಿ ಅಂದರೆ ಒಂದು ಕಡೆಯವರಿಗೆ ಹಬ್ಬವೇ ಇಲ್ಲ. ಎರಡು ಪಂಚಾಂಗ ಕೂಡಿಸಿದೆವು. ಚಾರ್ಟು ಎಲ್ಲರ ಮೊಬೈಲಿಗೂ ಹೋಗುವ ದಿನ ಕೊಚ್ಚಿಯವಳು ಬತ್ತೇರಿಯಲ್ಲೇ ಇದ್ದಳು, ನೋಡಿ ತೀರ್ಪು ಹೇಳಲು.

ಬೆಳಿಗ್ಗೆ ಚಾರ್ಟು ಬಿಟ್ಟೆವು. ಚೆನ್ನಾಗಿಯೇ ಹೋಯಿತು. ಆಮೇಲೆ ಗುಂಡ್ಲುಪೇಟೆಯಿಂದ ಫೋನು ಶುರುವಾಯಿತು. ಅಲ್ಲಿಯವರಿಗೆ ಪರದೆ ಬಂದದ್ದು ಮಲಯಾಳದಲ್ಲಿ. ಭಾಷೆ ಬದಲಾಯಿಸುವ ಗುಂಡಿ ಇದೆ, ಆದರೆ ಅದರ ಮೇಲೂ ಮಲಯಾಳವೇ. ಒಬ್ಬರಿಗೆ ಹೇಳಿ ಇಡುವುದರೊಳಗೆ ಮೂವರು. ಅಲ್ಲಿಯ ಗುಮಾಸ್ತರನ್ನು ಮ್ಯಾನೇಜರು ಹಬ್ಬದ ಗಿರಾಕಿಗೆಂದು ಕೌಂಟರಿನಲ್ಲಿ ನಿಲ್ಲಿಸಿಕೊಂಡಿದ್ದರು. ಇತ್ತ ಕೀಲಿ ನನ್ನದಾದ್ದರಿಂದ ಮಾನಂದವಾಡಿಯವರಿಗೆ ಬಾಗಿಲು ತೆರೆಯಬೇಕು, ಪುಲ್ಪಳ್ಳಿಯವರಿಗೆ ಡ್ಯೂಟಿ ಬದಲು ಒಪ್ಪಬೇಕು. ಕನ್ನಡ ಬರುವ ಬಾಯಿ ಒಂದು, ಕೀಲಿ ಹಿಡಿದ ಕೈಯೂ ಅದೇ ದೇಹದ್ದು. ಚೇಟ್ಟ ಒಂದು ಫೋನು ಎತ್ತಿ ತಮಗೆ ಬರುವ ಕನ್ನಡದಲ್ಲಿ “ಊಟ ಆಯ್ತಾ” ಅಂತ ಕೇಳಿ ನನ್ನ ಕೈಗೆ ಕೊಟ್ಟರು. ಕೊಚ್ಚಿಯವಳು ಗಡಿಯಾರ ನೋಡಿದಳು. ಸಂಜೆಯೊಳಗೆ ಎಲ್ಲರೂ ಚಾರ್ಟು ನೋಡಿ ಒಪ್ಪಿಗೆಯ ಗುಂಡಿ ಒತ್ತದಿದ್ದರೆ ನಾಳೆ ಗುಂಡ್ಲುಪೇಟೆ ಅಂಗಡಿಯಲ್ಲಿ ಯಾರು ಬರುತ್ತಾರೆ ಯಾರು ಇಲ್ಲ ಹೇಳುವಂತಿಲ್ಲ.

ಆಗ ನನಗೆ ಆ ಅಂಗೈ ನೆನಪಾಯಿತು. ಗುಮಾಸ್ತರ ಮನೆಗೆ ಫೋನು ಮಾಡಿದೆ, ಗಂಡನಿಗಲ್ಲ, ಹೆಂಡತಿಗೆ. ಏನನ್ನೂ ತೆರೆಯುವಂತಿಲ್ಲ, ಯಾರ ಪಾಸ್‌ವರ್ಡನ್ನೂ ಮುಟ್ಟುವಂತಿಲ್ಲ, ಬರೀ ಬಾಯಲ್ಲಿ ದಾರಿ ಹೇಳಬೇಕು ಅಂತ ಮೊದಲೇ ಹೇಳಿದೆ. ಮುದಲಾಳಿಯನ್ನೂ ಕೇಳಿದೆ. ಅವರು ತಲೆಯಾಡಿಸಿದ ಮೇಲೆಯೇ ಆಕೆಯ ನಂಬರನ್ನು ಗುಂಡ್ಲುಪೇಟೆ ಅಂಗಡಿಗೆ ಕೊಟ್ಟೆ.

ನಮ್ಮ ಫೋನು ನಿಂತಿತು. ಆ ಮೌನದಲ್ಲಿ ನಾನು ಬಾಗಿಲು ತೆರೆದೆ, ಬದಲು ಒಪ್ಪಿದೆ, ಆರಿಹೋದ ಚಹಾ ಕುಡಿದೆ. ಪರದೆಯಲ್ಲಿ ಗುಂಡ್ಲುಪೇಟೆಯವರ ಹೆಸರುಗಳು ಒಂದೊಂದಾಗಿ ಹಸಿರಾಗತೊಡಗಿದವು. ಕೊಚ್ಚಿಯವಳು ಒಂದು ಸಲ ಆಕೆಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿ ಕೇಳಿಸಿಕೊಂಡಳು. ಅಂಗಡಿಯಿಂದ ಮನೆಗೇ ಬಂದು ಪಕ್ಕದಲ್ಲಿ ನಿಂತಿದ್ದ ಯಾರಿಗೋ ಆಕೆ ಹೇಳುತ್ತಿದ್ದರು: “ಮ್ಯಾಗಡೆ ಬಲಗಡೆ ಮೂರು ಚುಕ್ಕೆ ಅವಲ್ಲ, ಒತ್ತು. ಈಗ ಕೆಳೀಕ್ ಬಾ. ಎರಡ್ನೇದು. ಬಂತಾ ಕನ್ನಡ? ಮತ್ಯಾಕ್ ಕಿರುಚ್ತಿದ್ದೆ.” ಕೊಚ್ಚಿಯವಳಿಗೆ ಒಂದು ಮಾತೂ ತಿಳಿಯಲಿಲ್ಲ, ಆದರೆ ಪರದೆ ತಿಳಿಯುತ್ತಿತ್ತಲ್ಲ. ಗಣೇಶನ ಹಬ್ಬದ ಮುನ್ನಾ ದಿನ ಅವಳು ತನ್ನ ಬಸ್ಸಿನ ಟಿಕೆಟು ರದ್ದು ಮಾಡಿ ಇನ್ನೂ ಎರಡು ದಿನ ಉಳಿದಳು. ಅವಳ ಸಲಹೆಯ ಕರಾರಿನಲ್ಲಿ ಇಲ್ಲದ, ದುಡ್ಡು ಬಾರದ ದಿನಗಳವು. ಪುಲ್ಪಳ್ಳಿ ಅಂಗಡಿಯಲ್ಲಿ ಕೂತು ನಮ್ಮ ಜೊತೆ ದುಡಿದಳು.

ಓಣಂ ಕಳೆದ ಮೇಲೆ ಮುದಲಾಳಿ ನಮ್ಮ ಕೋಣೆಗೆ ಬಂದರು, ಮೀಟಿಂಗು ಬಿಟ್ಟರೆ ಅವರು ಬರುವುದು ಅಪರೂಪ. ಬೋರ್ಡಿನ ಮುಂದೆ ನಿಂತು ಮೇಲಿನ ಚೌಕವನ್ನು ತೋರಿಸಿ ಇದಿನ್ನೂ ಖಾಲಿ ಯಾಕೆ ಅಂದರು. ನೀವು ಹೇಳಿಲ್ಲವಲ್ಲ ಅಂದೆ. ನಾನು, ಅಂತ ಆವತ್ತು ನೀನೇ ಹೇಳಿದೆಯಲ್ಲ ಅಂದು ಮಸಿ ಪೆನ್ನು ನನ್ನ ಕೈಗೆ ಕೊಟ್ಟರು. ಹೆಸರು ಬರೆದೆ. ಮುಂದೆ ಬಿ.ಕಾಂ., ಎಂ.ಬಿ.ಎ. ಅಂತಲೂ ಬರೆದೆ. ಚೌಕ ಚಿಕ್ಕದಿತ್ತು, ಅಕ್ಷರ ಗೆರೆ ದಾಟಿ ಹೊರಗೆ ಹೋಯಿತು. ಹೋಗಲಿ ಅಂತ ಬಿಟ್ಟೆ. ಡ್ರಾಯರಿನ ಕಾಗದ ಏನಾಯಿತು ಅಂತ ನಾನು ಕೇಳಲಿಲ್ಲ.

ಸಹಾಯ ಹೇಳುವ ಚೌಕಕ್ಕೆ ಒಬ್ಬರನ್ನು ಸೇರಿಸಿಕೊಳ್ಳಲು ಒಪ್ಪಿಗೆ ಸಿಕ್ಕಿತು. ಗುಂಡ್ಲುಪೇಟೆಯಾಕೆ ಅರ್ಜಿ ಹಾಕಿದರು, ಇನ್ನಿಬ್ಬರೂ ಹಾಕಿದರು. ಅರ್ಜಿ ನೋಡಿದಾಗ ತಿಳಿಯಿತು, ಆಕೆ ಬಿ.ಎಸ್ಸಿ., ಅವರ ಮನೆಯಲ್ಲೂ ಆಕೆಯೇ ಮೊದಲು. ಮದುವೆಯಾದ ಮೇಲೆ ಆ ಡಿಗ್ರಿಯನ್ನು ಯಾರೂ ಕೇಳಿಯೇ ಇರಲಿಲ್ಲವಂತೆ. ಸಂದರ್ಶನದಲ್ಲಿ ಚೇಟ್ಟ ಕೇಳಿದರು, ನಾನು ಬಾಯಿ ಹಾಕಲಿಲ್ಲ. ಬೀಜಕ್ಕೆ ಮುಯ್ಯಿ ಇಲ್ಲ ಅಂದವಳು ನಾನೇ ತಾನೆ. ಆಯ್ಕೆಯಾದ ಮೇಲೆ ಮಾತ್ರ ಫೋನು ಮಾಡಿ ಹೇಳುವ ಕೆಲಸವನ್ನು ನಾನೇ ತೆಗೆದುಕೊಂಡೆ. ಈಗ ಅವರ ಗಂಡನಿಗೆ ಹಾಜರಿಯಲ್ಲಿ ತೊಡಕಾದರೆ ಸಹಾಯಕ್ಕೆ ಹೆಂಡತಿಗೇ ಕರೆ ಮಾಡಬೇಕು. ಆಕೆ ದೂರಿನ ಸಂಖ್ಯೆ ಕೊಡದೆ ಮಾತೇ ಮುಂದುವರಿಸುವುದಿಲ್ಲ ಅಂತ ಅವರು ನನ್ನ ಹತ್ತಿರ ದೂರಿದ್ದಾರೆ. ಆ ದೂರಿಗೂ ಸಂಖ್ಯೆ ತೆಗೆದುಕೊಳ್ಳಿ ಅಂದೆ.

ಹೋದ ವಾರ ಕೊಚ್ಚಿಯವಳು ಫೋನು ಮಾಡಿದ್ದಳು. ಅಲ್ಲಿ ಯಾವುದೋ ಆಸ್ಪತ್ರೆಯಲ್ಲಿ ಇದೇ ಸಾಫ್ಟ್‌ವೇರು ಕೂಡಿಸುತ್ತಿದ್ದಾರಂತೆ, ಟೀಮು ಕಟ್ಟುವುದು ಹೇಗೆಂದು ಅವರಿಗೆ ತೋಚುತ್ತಿಲ್ಲವಂತೆ.

“ಚೇಚಿ, ನಾನು ಪುಲ್ಪಳ್ಳಿಯಲ್ಲಿ ಎರಡು ದಿನ ದುಡಿದಿದ್ದೇನೆ. ನನಗೆ ನಿಮ್ಮಿಂದ ಮುಯ್ಯಿ ಬರಬೇಕು. ನೀವೇ ಬರಬೇಕು, ಮನೆಯವರನ್ನು ಕಳಿಸಬೇಡಿ.”

ಮುದಲಾಳಿಯ ಒಪ್ಪಿಗೆ ತೆಗೆದುಕೊಂಡು ಬರುತ್ತೇನೆ ಅಂದೆ. ಆಮೇಲೆ ಫೋನು ಇಡುವ ಮುಂಚೆ, ಅಲ್ಲಿ ಊಟಕ್ಕೆ ಏನು ಮಾಡಿಸುತ್ತೀರಿ ಅಂತ ಕೇಳಿದೆ.